ಬ್ರೌಸರ್ ತುಂಬದೇ ಬಿಟ್ಟ ಪಾಸ್‌ವರ್ಡ್

ಮಾರ್ಚ್ ಕೊನೆಯ ವಾರ ಹೇಗಿರುತ್ತೆ ಅಂತ ಅಕೌಂಟ್ಸ್‌ನಲ್ಲಿ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ. ಟಿಡಿಎಸ್, ಬಂದ ಮಾಲಿನ ಪೆಂಡಿಂಗ್ ರಸೀದಿ (ಜಿಆರ್‌ಎನ್), ಬಾಕಿ ಎಷ್ಟು ಅಂತ ಎರಡೂ ಕಡೆಯವರು ಒಪ್ಪಿಕೊಳ್ಳುವ ಬ್ಯಾಲೆನ್ಸ್ ಕನ್ಫರ್ಮೇಶನ್, ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಪೀಣ್ಯದ ನಮ್ಮ ಆಫೀಸಿನಲ್ಲಿ ಇದಕ್ಕೆಲ್ಲ ಇರುವವರು ಇಬ್ಬರೇ. ಆ ಸೋಮವಾರ ಹನ್ನೊಂದರ ಹೊತ್ತಿಗೆ ಒಬ್ಬ ವೆಂಡರ್‌ನಿಂದ ಮೇಲ್ ಬಂತು. ‘ಮಾರ್ಚ್ 31ರ ಬ್ಯಾಲೆನ್ಸ್ ಕನ್ಫರ್ಮೇಶನ್ ಲಿಂಕ್‌ನಲ್ಲಿದೆ, ನೋಡಿ ತಿಳಿಸಿ.’

ನಾನು ಸುಮ್ನೆ ಕ್ಲಿಕ್ ಮಾಡಲಿಲ್ಲ. ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟ ಹಾಗೆ ಕಳಿಸಿದವರ ಅಡ್ರೆಸ್ ನೋಡಿದೆ. ಆರು ವರ್ಷದಿಂದ ನೋಡುತ್ತಿರುವ ಅದೇ ಅಡ್ರೆಸ್. ಕೆಳಗೆ ಅದೇ ಹೆಸರು, ಅದೇ ಫೋನ್ ನಂಬರ್. ಅಡ್ರೆಸ್ ನಿಜವಾಗಿಯೂ ಅವರದೇ. ಆದರೆ ಅವರ ಮೇಲ್‌ಬಾಕ್ಸ್ ಒಳಗೆ ಬೇರೆ ಯಾರೋ ಸೇರಿಕೊಂಡಿದ್ದರು.

ಲಿಂಕ್ ಒತ್ತಿದರೆ ನಮ್ಮ ಮೇಲ್‌ನ ಲಾಗಿನ್ ಪೇಜ್ ಬಂತು, ಕಂಪನಿಯ ಲೋಗೋ ಸಮೇತ. ದಿನಾ ಪಾಸ್‌ವರ್ಡ್ ಜಾಗದಲ್ಲಿ ಬ್ರೌಸರ್ ತಾನೇ ಚುಕ್ಕಿ ತುಂಬಿಸಿರುತ್ತದೆ. ಅವತ್ತು ಆ ಜಾಗ ಖಾಲಿ ಇತ್ತು. ಕರ್ಸರ್ ಮಿಣುಕುತ್ತಿತ್ತು. ಹೋದ ವಾರ ಏನೋ ಅಪ್‌ಡೇಟ್ ಹಾಕಿದ್ದರಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. ಡ್ರಾಯರ್‌ನಿಂದ ಡೈರಿ ತೆಗೆದು, ಕೊನೆಯ ಪುಟ ನೋಡಿಕೊಂಡು, ಒಂದೊಂದೇ ಅಕ್ಷರ ಟೈಪ್ ಮಾಡಿದೆ.

ಈಗಲೂ ಹೊಟ್ಟೆ ಕಿವುಚುವುದು ಆ ಅರ್ಧ ನಿಮಿಷ ನೆನೆದಾಗ. ಬ್ರೌಸರ್ ಪಾಸ್‌ವರ್ಡನ್ನು ಸೈಟಿನ ಅಡ್ರೆಸ್‌ಗೆ ಕಟ್ಟಿ ಇಟ್ಟಿರುತ್ತದೆ. ಲೋಗೋ, ಬಣ್ಣ ಅದಕ್ಕೆ ಲೆಕ್ಕಕ್ಕಿಲ್ಲ. ಅಡ್ರೆಸ್ ಬೇರೆಯಾದರೆ ಅದು ತುಂಬುವುದಿಲ್ಲ. ಅಂದರೆ ನನ್ನ ಕಣ್ಣಿಗೆ ಕಾಣದ್ದು ಅದಕ್ಕೆ ಕಂಡಿತ್ತು. ನಾನು ಡೈರಿ ತೆಗೆದು ಬ್ರೌಸರನ್ನೇ ಪಕ್ಕಕ್ಕೆ ತಳ್ಳಿದೆ.

ಮೊಬೈಲ್‌ಗೆ ಓಟಿಪಿ ಬಂತು. ಅದನ್ನೂ ಹಾಕಿದೆ. ಓಟಿಪಿ ಇದ್ದರೆ ಭಯ ಇಲ್ಲ ಅಂತಲೇ ನಾನು ನಂಬಿದ್ದೆ. ಆ ನಕಲಿ ಪೇಜ್ ನನಗೂ ಅಸಲಿ ಸೈಟಿಗೂ ನಡುವೆ ನಿಂತು, ನಾನು ಹಾಕಿದ್ದನ್ನೆಲ್ಲ ಆ ಕ್ಷಣವೇ ಅಲ್ಲಿಗೆ ದಾಟಿಸಿ ನನ್ನ ಮೇಲ್ ಒಳಗೆ ಹೋಗಿತ್ತು.

ಫೈಲ್ ತೆರೆಯಲಿಲ್ಲ. ಆ ಮೇಲ್‌ಗೇ ರಿಪ್ಲೈ ಹಾಕಿ ‘ಇದು ನೀವೇ ಕಳಿಸಿದ್ದಾ?’ ಅಂತ ಕೇಳಿದೆ. ಎರಡೇ ನಿಮಿಷಕ್ಕೆ ಉತ್ತರ: ‘ಹೌದು ಮೇಡಂ, ಇನ್ನೊಂದು ಸಲ ಟ್ರೈ ಮಾಡಿ.’ ಕಳ್ಳನನ್ನೇ ಕೇಳಿದ್ದೆ ನಾನು. ಫೋನ್ ಎತ್ತಬೇಕಿತ್ತು, ಅದೂ ಹಳೇ ಪರ್ಚೇಸ್ ಆರ್ಡರ್‌ನಲ್ಲಿರುವ ನಂಬರ್‌ಗೆ.

ಊಟದ ಹೊತ್ತಿಗೆ ಮನಸ್ಸು ತಡೆಯಲಿಲ್ಲ. ಪಾಸ್‌ವರ್ಡ್ ಬದಲಾಯಿಸಿದೆ. ಮುಗಿಯಿತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೋದ ವರ್ಷ ಸ್ಟೋರ್ಸ್ ಹುಡುಗನೊಬ್ಬ ಇಂಥದ್ದೇ ಲಿಂಕ್ ಒತ್ತಿದ್ದಾಗ ಮ್ಯಾನೇಜರ್ ಎಲ್ಲರ ಮುಂದೆ ನಿಲ್ಲಿಸಿ ಬೈದಿದ್ದರು. ಅದು ನನ್ನ ಕಣ್ಣ ಮುಂದಿತ್ತು.

ಗುರುವಾರ ಮಧ್ಯಾಹ್ನ ಬೆಳಗಾವಿಯ ಗಿರಾಕಿಯ ಅಕೌಂಟ್ಸ್‌ನಿಂದ ಫೋನ್. “ಮೇಡಂ, ನಿಮ್ಮ ಬ್ಯಾಂಕ್ ಅಕೌಂಟ್ ಬದ್ಲಾಗೇತೇನ್ರಿ? ಮೇಲ್ ಬಂದಿತ್ತು. 7,40,000 ಆರ್‌ಟಿಜಿಎಸ್ ಹಾಕೇನಿ, ಚೆಕರ್ ಕಡೆ ಐತಿ.”

ನನಗೆ ಮಾತೇ ಹೊರಡಲಿಲ್ಲ. ಆಮೇಲೆ “ಸರ್, ನಿಲ್ಲಿಸಿ, ನಿಲ್ಲಿಸಿ” ಅಂತ ಕೂಗಿದ್ದು ಇಡೀ ಆಫೀಸಿಗೆ ಕೇಳಿಸಿತು. ಚೆಕರ್ ಸಾಹೇಬರು ಊಟಕ್ಕೆ ಹೋಗಿದ್ದರು, ಅಪ್ರೂವ್ ಮಾಡುವ ಆ್ಯಪ್ ಅವರ ಮೊಬೈಲ್‌ನಲ್ಲೇ ಇತ್ತು, ಅವರು ಫೋನ್ ಎತ್ತುತ್ತಿಲ್ಲ. ಲೈನ್ ಕಟ್ ಮಾಡದೆ ನಿಂತಿದ್ದೆ. ಆ ಕಡೆ ಕುರ್ಚಿ ಸರಿದ ಸದ್ದು, ಮೆಟ್ಟಿಲು ಇಳಿದ ಸದ್ದು. ಹನ್ನೊಂದು ನಿಮಿಷ. “ರಿಜೆಕ್ಟ್ ಮಾಡಿಸಿದೆ ನೋಡ್ರಿ” ಅಂದಾಗ ನಾನು ನೆಲದ ಮೇಲೆ ಕೂತಿದ್ದೆ.

ಹಣ ಹೋಗಿದ್ದರೆ ಮೊದಲು ಮಾಡಬೇಕಾದ್ದು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್, ಜೊತೆಗೇ ಬ್ಯಾಂಕ್‌ಗೆ. ಆ ಹಣ ಅಕೌಂಟಿಂದ ಅಕೌಂಟಿಗೆ ಹಾರುವ ಮೊದಲೇ ತಡೆಯಬೇಕು. ನಮ್ಮಲ್ಲಿ ಆ ನಂಬರ್ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಈಗ ಪೇಮೆಂಟ್ ಸಿಸ್ಟಮ್‌ನ ಮಾನಿಟರ್‌ಗೆ ಅಂಟಿಸಿದ್ದೇನೆ.

ಸಂಜೆ ಐಟಿಯವರು ನನ್ನ ಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ರೂಲ್ಸ್’ ತೆರೆದರು. ಅಲ್ಲೊಂದು ರೂಲ್ ಇತ್ತು. ಅದರ ಹೆಸರು ಬರೀ ಒಂದು ಚುಕ್ಕೆ. ‘ಇನ್‌ವಾಯ್ಸ್’, ‘ಪೇಮೆಂಟ್’ ಅನ್ನುವ ಪದ ಇರುವ ಪ್ರತಿ ಮೇಲ್‌ನ ಕಾಪಿ ಯಾವುದೋ ಹೊರಗಿನ ಅಡ್ರೆಸ್‌ಗೆ ಹೋಗುತ್ತಿತ್ತು. ಪಾಸ್‌ವರ್ಡ್ ಬದಲಾಯಿಸಿದರೂ ಆ ರೂಲ್ ಅಲ್ಲೇ ಇತ್ತು. ಕಳ್ಳರು ಮೂರು ದಿನ ನಮ್ಮ ಮಾತುಕತೆ ಓದಿ, ನಮ್ಮ ಕಂಪನಿ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಜಾಸ್ತಿ ಇರುವ ಅಡ್ರೆಸ್‌ನಿಂದ ಬೆಳಗಾವಿಗೆ ಬರೆದಿದ್ದರು. ಸೋಮವಾರವೇ ಹೇಳಿದ್ದರೆ ರೂಲ್ ಅವತ್ತೇ ಸಿಗುತ್ತಿತ್ತು ಅಲ್ವಾ? ಎಲ್ಲ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿಸಿ, ಓಟಿಪಿಗೆ ಕಳ್ಳರು ಬೇರೆ ಫೋನ್ ಸೇರಿಸಿದ್ದಾರಾ ಅಂತಲೂ ಐಟಿಯವರು ನೋಡಿದರು.

ಪಾಸ್‌ವರ್ಡ್ ಟೈಪ್ ಮಾಡದೆ, ಫೋನ್ ಅಥವಾ ಕಂಪ್ಯೂಟರ್‌ನ ಲಾಕ್ ತೆಗೆದೇ ಲಾಗಿನ್ ಆಗುವ ಪಾಸ್‌ಕೀ ಕೊಡಿ ಅಂತ ಕೇಳಿದ್ದೇವೆ. ಅದೂ ಸೈಟಿನ ಅಡ್ರೆಸ್‌ಗೇ ಕಟ್ಟಿರುವುದು, ನಕಲಿ ಪೇಜಿನಲ್ಲಿ ಕೆಲಸ ಮಾಡುವುದಿಲ್ಲ. ಮ್ಯಾನೇಜ್‌ಮೆಂಟ್ ‘ನೋಡೋಣ’ ಅಂದಿದೆ. ಪ್ರತಿ ಮೂರು ತಿಂಗಳಿಗೆ ಪಾಸ್‌ವರ್ಡ್ ಬದಲಾಯಿಸಿ ಅನ್ನುವ ನಿಯಮ ಮಾತ್ರ ಹಾಗೇ ಇದೆ. ನಾನು ಡೈರಿಯಲ್ಲಿ ಬರೆದಿಡಲು ಶುರು ಮಾಡಿದ್ದೇ ಆ ನಿಯಮದಿಂದ.

ಶುಕ್ರವಾರ ಆ ವೆಂಡರ್‌ಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ ದನಿ ತಗ್ಗಿಸಿ ಹೇಳಿದಳು: “ನಮ್ಮ ಮೇಲ್ ಹ್ಯಾಕ್ ಆಗಿದ್ದು ಹೋದ ಶನಿವಾರಾನೇ ಗೊತ್ತಿತ್ತು ಮೇಡಂ. ಯಾರಿಗೂ ಹೇಳ್ಬೇಡ ಅಂದ್ರು.”

ಅವಳಿಗೆ ಏನಾದರೂ ಹೇಳಬೇಕು ಅಂತ ಬಾಯಿ ತೆರೆದೆ. ಸೋಮವಾರದಿಂದ ಗುರುವಾರದವರೆಗೆ ನಾನೂ ಹೇಳಿರಲಿಲ್ಲ.