ರಾಗಿ ಜೀನೋಮೂ, ಅಪ್ಪನ ಎಫ್‌ಐಡಿ ನಂಬರೂ

ನಾನು ಬಿಎಸ್ಸಿ ಅಗ್ರಿಗೆ ಸೇರಿದ್ದು 2017ರಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣಕ್ಕೆ. ಅದೇ ವರ್ಷ ನಮ್ಮ ವಿಶ್ವವಿದ್ಯಾಲಯದ ತಂಡ ರಾಗಿಯ ಜೀನೋಮ್, ಅಂದರೆ ಅದರ ಇಡೀ ವಂಶವಾಹಿ ಮಾಹಿತಿ, ಪ್ರಕಟಿಸಿತು. ಆರಿಸಿಕೊಂಡಿದ್ದು ಎಂಎಲ್-365, ಮಳೆ ಕೈಕೊಟ್ಟರೂ ತಡೆದುಕೊಳ್ಳುವ ತಳಿ. 85 ಸಾವಿರಕ್ಕೂ ಜಾಸ್ತಿ ಜೀನ್‌ಗಳ ಲೆಕ್ಕ ಸಿಕ್ಕಿತ್ತು. ನಾನು ಖುಷಿಯಿಂದ ಕುಣಿಗಲ್ ಕಡೆಯ ನಮ್ಮೂರಿಗೆ ಫೋನ್ ಮಾಡಿ ಹೇಳಿದೆ. ಅಪ್ಪ ಎಲ್ಲ ಕೇಳಿಸಿಕೊಂಡು, "ಅದೆಲ್ಲ ಇರ್ಲಿ ಕಣವ್ವ, ಮುಂದಿನ ಸಲ ಯಾವ ಬೀಜ ಹಾಕ್ಲಿ?" ಅಂದರು.

ನ್ಯಾಯವಾದ ಪ್ರಶ್ನೆ. ನಮ್ಮ ತಾತನ ಕಾಲದಲ್ಲಿ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಅದು ಹೊಲದಲ್ಲೇ ಕಂಡ ಸುದ್ದಿ. ಆಮೇಲೆ ಬಂದ ಜಿಪಿಯು-28 ಬೆಂಕಿ ರೋಗ ತಡೆದುಕೊಂಡಿತು. ಅಪ್ಪ ಈಗಲೂ ಅದನ್ನೇ ನಂಬಿದ್ದಾರೆ.

ಎಂಎಸ್ಸಿಯಲ್ಲಿ ತಳಿ ಅಭಿವೃದ್ಧಿ ವಿಭಾಗಕ್ಕೆ ಹೋದ ಮೇಲೆ ಜೀನೋಮ್ ಯಾಕೆ ಬೇಕು ಅಂತ ನನಗೆ ಸರಿಯಾಗಿ ಅರ್ಥವಾಯಿತು. ರಾಗಿ ಹೂವು ತೀರಾ ಸಣ್ಣದು, ತನ್ನಷ್ಟಕ್ಕೇ ಪರಾಗಸ್ಪರ್ಶ ಮಾಡಿಕೊಳ್ಳುತ್ತದೆ. ಸಂಕರ ಮಾಡಬೇಕಾದರೆ ಒಂದು ವಿಧಾನದಲ್ಲಿ ತೆನೆಯನ್ನು ಸುಮಾರು 52 ಡಿಗ್ರಿ ಬಿಸಿನೀರಿನಲ್ಲಿ ಐದು ನಿಮಿಷ ಅದ್ದಿ ಪರಾಗದ ಶಕ್ತಿ ತೆಗೆಯಬೇಕು. ಅಷ್ಟಾದರೂ ಹುಟ್ಟಿದ ಸಸಿಗಳಲ್ಲಿ ನಿಜವಾದ ಸಂಕರ ಸಿಗುವುದು ಕಡಿಮೆ. ಯಾವುದು ಹೌದು, ಯಾವುದು ಅಲ್ಲ ಅಂತ ತೆನೆ ಬರುವವರೆಗೆ ಕಾಯುವ ಬದಲು, ಜೀನೋಮ್ ಗೊತ್ತಿದ್ದರೆ ಎಲೆಯ ಚೂರಿನ ಡಿಎನ್‌ಎ ನೋಡಿಯೇ ಪತ್ತೆ ಮಾಡಬಹುದು. ಹೊಸ ತಳಿಗೆ ಹಿಡಿಯುವ ವರ್ಷಗಳು ಉಳಿಯುವುದು ಇಲ್ಲಿಯೇ. ಇದನ್ನು ಪೇಪರಿನವರು ಬರೆಯುವುದಿಲ್ಲ, 'ಮಹತ್ವದ ಸಾಧನೆ' ಅಂತ ಬರೆದು ಸುಮ್ಮನಾಗುತ್ತಾರೆ.

ಹೊಲಕ್ಕೆ ಈ ವಿಷಯ ಮುಟ್ಟಿಸುವವರು ಯಾರು? ನನ್ನನ್ನು ಕೇಳಿದರೆ ವಿದ್ಯಾರ್ಥಿಗಳೇ. ಕೊನೇ ವರ್ಷ ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಅಂತ ಹಳ್ಳಿಯಲ್ಲಿ ಉಳಿದು, ಬೀಜೋಪಚಾರ ತೋರಿಸಿ, ರೈತರಿಂದ ಬೈಸಿಕೊಂಡು ಬರುತ್ತಾರಲ್ಲ, ಅವರು. ದುಡ್ಡಿಲ್ಲದೆ ಅವರ ಓದು ನಿಲ್ಲಬಾರದು. ಅದಕ್ಕೇ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದ ಕೆಲಸವೂ ಸಂಶೋಧನೆಯಷ್ಟೇ ದೊಡ್ಡದು ಅನ್ನುತ್ತೇನೆ.

ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಆದ ರೈತ ವಿದ್ಯಾನಿಧಿ ಶುರುವಾಗಿದ್ದು 2021ರಲ್ಲಿ. ಸ್ನಾತಕೋತ್ತರ ಓದುವ ಹುಡುಗರಿಗೆ ವರ್ಷಕ್ಕೆ 10,000, ಹುಡುಗಿಯರಿಗೆ 11,000 ರೂಪಾಯಿ ಅಂತ ಇತ್ತು. ನನಗೆ ಮಾತ್ರ ಬರಲಿಲ್ಲ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇತ್ತು. ಅಪ್ಪನ ಹೆಸರಿಗೆ ಜಮೀನಿಲ್ಲ, ಹಾಗಾಗಿ ಎಫ್‌ಐಡಿ, ಅಂದರೆ ಸರ್ಕಾರ ರೈತರಿಗೆ ಕೊಡುವ ಗುರುತಿನ ಸಂಖ್ಯೆ, ಇಲ್ಲ. ಮೂವತ್ತು ವರ್ಷ ರಾಗಿ ಬೆಳೆದವರು ದಾಖಲೆ ಪ್ರಕಾರ ರೈತರೇ ಅಲ್ಲ! ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿ ಅಂತ ಬಿಡಿಸಿ ಹೇಳಿದ್ದು ಕಾಲೇಜಿನ ಒಬ್ಬ ಗುಮಾಸ್ತರು. ಯಾವ ಅರ್ಜಿ, ಯಾರ ಸಹಿ, ಎಲ್ಲ ಚೀಟಿಯಲ್ಲಿ ಬರೆದುಕೊಟ್ಟರು. ಅವರ ಮೇಜಿನ ಮುಂದೆ ಯಾವಾಗಲೂ ಸಾಲು.

ಈ ವರ್ಷ ಸೇರುವವರಿಗೆ ಒಂದು ಮಾತು: ರಜೆಗೆ ಊರಿಗೆ ಹೋದಾಗ ಪಹಣಿ ಯಾರ ಹೆಸರಿನಲ್ಲಿದೆ ನೋಡಿ. ನಿಮ್ಮ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ ಕೇಳಿ, ದುಡ್ಡು ನಿಲ್ಲುವುದು ಜಾಸ್ತಿ ಅಲ್ಲೇ. ಕೃಷಿ ಮೇಳಕ್ಕೆ ಮನೆಯವರನ್ನು ಕರೆತಂದರೆ ಬೀಜದ ಮಳಿಗೆಗೆ ಬೆಳಿಗ್ಗೆಯೇ ಹೋಗಿಬಿಡಿ. ಮಧ್ಯಾಹ್ನ ಕಾಲಿಡಲು ಜಾಗ ಇರಲ್ಲ.