ಜೋಳದ ಹೊಲದಿಂದ ಫ್ಲೆಕ್ಸ್ ಫ್ಯೂಯೆಲ್ ಬೈಕಿನ ಲೆಕ್ಕ

ಹಳೇಬೀಡಿನ ಸುತ್ತಮುತ್ತ ನಮ್ಮಂಥವರು ಮುಸುಕಿನ ಜೋಳ ಬೆಳೆಯುತ್ತೇವೆ. ಅದರಲ್ಲಿ ಒಂದಿಷ್ಟು ಕೋಳಿ ಆಹಾರಕ್ಕೆ ಹೋಗುತ್ತದೆ, ಒಂದಿಷ್ಟು ಎಥೆನಾಲ್ ಕಾರ್ಖಾನೆಗೆ. ಹಾಗಾಗಿ ಪೆಟ್ರೋಲಿಗೆ ಎಥೆನಾಲ್ ಬೆರೆಸುವ ವಿಚಾರ ನನಗೆ ಎರಡು ಕಡೆಯಿಂದ ತಟ್ಟುತ್ತದೆ. ಹೊಲದಲ್ಲಿ ಅದು ಬೆಳೆಯ ಬೆಲೆ, ಬಂಕಿನಲ್ಲಿ ಸ್ಕೂಟರಿನ ಖರ್ಚು.

ಚಿಕ್ಕಮಗಳೂರಿನಲ್ಲಿ ಕೆಲಸಕ್ಕಿರುವ ನಮ್ಮಣ್ಣನ ಮಗನಿಗೆ ಫ್ಲೆಕ್ಸ್ ಫ್ಯೂಯೆಲ್ ಬೈಕ್, ಅಂದರೆ ಪೆಟ್ರೋಲಿನಲ್ಲಿ ಎಥೆನಾಲ್ ಕಡಿಮೆ ಇರಲಿ ಹೆಚ್ಚಿರಲಿ ಓಡುವ ಬೈಕ್, ತಗೊಳ್ಳುವ ಆಸೆ. "ಅತ್ತೆ, ಜೋಳ ಬೆಳೆಯೋರು ನೀವು, ಅದರಲ್ಲಿ ಗಾಡಿ ಓಡಿಸೋನು ನಾನು, ದುಡ್ಡು ಮನೇಲೇ ಉಳೀತದಲ್ವಾ" ಅಂದ. ಮಾತು ಇಷ್ಟವಾಯಿತು. ಅದಕ್ಕೇ ಪೆನ್ನು ಹಿಡಿದು ಕೂತೆ.

ಎಂಜಿನ್ ವಿಚಾರದಲ್ಲಿ ನನಗೆ ತಕರಾರಿಲ್ಲ. ಪೆಟ್ರೋಲ್ ಪೂರ್ತಿ ಉರಿಯಲು ಅದರ ತೂಕದ 14.7 ಪಟ್ಟು ಗಾಳಿ ಬೇಕು. ಎಥೆನಾಲಿಗೆ 9 ಪಟ್ಟು ಸಾಕು. ಅಂದರೆ ಗಾಳಿ ಅಷ್ಟೇ ಬಂದರೂ ಎಥೆನಾಲನ್ನು ಜಾಸ್ತಿ ಬಿಡಬೇಕು. ಹೊಗೆ ಹೋಗುವ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಇದನ್ನು ಗುರುತಿಸುತ್ತದೆ. ಇಸಿಯು, ಅಂದರೆ ಎಂಜಿನ್ನಿನ ಪುಟ್ಟ ಕಂಪ್ಯೂಟರ್, ಅದಕ್ಕೆ ತಕ್ಕಂತೆ ಇಂಧನ ಚಿಮ್ಮಿಸುವ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಟ್ಯಾಂಕಿನಲ್ಲಿ ಶೇ 20 ಎಥೆನಾಲಿನ ಇ20 ಇರಲಿ, ಶೇ 85ರ ಇ85 ಇರಲಿ, ಎರಡೂ ಬೆರೆತಿರಲಿ, ಗಾಡಿ ಹೊಂದಿಕೊಳ್ಳುತ್ತದೆ. ಪೈಪು, ಸೀಲುಗಳನ್ನೂ ಎಥೆನಾಲ್ ತಡೆಯುವಂತೆ ಮಾಡಿರುತ್ತಾರೆ. ಹೋಂಡಾ ಸಿಬಿ300ಎಫ್ ಫ್ಲೆಕ್ಸ್ 2024ರಲ್ಲಿ ಬಂತು, ಸುಜುಕಿ ಜಿಕ್ಸರ್ ಎಸ್‌ಎಫ್ 250 ಫ್ಲೆಕ್ಸ್ 2025ರಲ್ಲಿ. ಎರಡೂ ಇ85ರವರೆಗೆ ಓಡುತ್ತವೆ. ನಾಕ್ ತಡೆಯುವ ಗುಣದ ಅಳತೆಯಾದ ಆಕ್ಟೇನ್ ಎಥೆನಾಲಿನದು 108ರ ಆಸುಪಾಸು, ಮಾಮೂಲಿ ಪೆಟ್ರೋಲಿನದು 91. ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ನಾಕ್ ಆಗುವ, ಅಂದರೆ ಇಂಧನ ತಪ್ಪಾಗಿ ಉರಿದು ಟಕಟಕ ಬಡಿಯುವ ಚಿಂತೆ ಕಡಿಮೆ.

ಚಳಿ ಮಾತ್ರ ಅದಕ್ಕೆ ಆಗಿಬರುವುದಿಲ್ಲ. ತಣ್ಣಗಿರುವಾಗ ಎಥೆನಾಲ್ ಬೇಗ ಆವಿಯಾಗುವುದಿಲ್ಲ. ಬ್ರೆಜಿಲಿನ ಕಾರುಗಳಲ್ಲಿ ಚಳಿಗೆ ಸ್ಟಾರ್ಟ್ ಮಾಡಲೆಂದೇ ಪುಟ್ಟದೊಂದು ಪೆಟ್ರೋಲ್ ಟ್ಯಾಂಕ್ ಇರುತ್ತಿತ್ತು. ಇ85ನಲ್ಲಿ ಉಳಿದ 15 ಪಾಲು ಪೆಟ್ರೋಲ್ ಆ ಕೆಲಸ ಮಾಡುತ್ತದೆ.

ಈಗ ದುಡ್ಡಿಗೆ ಬರೋಣ. ನಿಜವಾದ ತೊಡಕು ಇರುವುದು ಇಲ್ಲೇ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಸುಮಾರು ಮೂರನೇ ಎರಡು ಪಾಲು. ಹಾಗಾಗಿ ಇ20ರಲ್ಲಿ 40 ಕಿಲೋಮೀಟರ್ ಕೊಡುವ ಬೈಕ್ ಇ85ನಲ್ಲಿ ಹೆಚ್ಚುಕಡಿಮೆ 30 ಕೊಡುತ್ತದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಳ್ಳಿ. ಇ85 ಸುಮಾರು 77ಕ್ಕಿಂತ ಕಡಿಮೆಗೆ ಸಿಕ್ಕರೆ ಮಾತ್ರ ನಮಗೆ ಲಾಭ.

ಸಿಗುತ್ತದಾ? ಜೋಳದ ಎಥೆನಾಲಿಗೆ ತೈಲ ಕಂಪನಿಗಳು ಕೊಡುವ ದರ ಲೀಟರಿಗೆ 71.86 ರೂಪಾಯಿ. ಅದರ 85 ಪಾಲಿಗೆ 61 ರೂಪಾಯಿ ಆಯಿತು. ಉಳಿದ 15 ಪಾಲು ಪೆಟ್ರೋಲಿಗೆ ಸುಮಾರು 15. ಅಲ್ಲಿಗೆ 76. ಇನ್ನೂ ಎಥೆನಾಲಿನ ಮೇಲಿನ ಜಿಎಸ್‌ಟಿ, ಟ್ಯಾಂಕರ್ ಬಾಡಿಗೆ, ಬಂಕಿನ ಕಮಿಷನ್ ಸೇರಿಸಿಲ್ಲ. ಉಳಿತಾಯ ಎಲ್ಲಿಂದ ಬರಬೇಕು? ಕಾಕಂಬಿಯಿಂದ ಮಾಡಿದ ಎಥೆನಾಲ್ ಅಗ್ಗ. ಸಿ-ಹೆವಿ ಕಾಕಂಬಿಯದಕ್ಕೆ 2024-25ರಲ್ಲಿ 57.97 ಇತ್ತು. ಆದರೆ ಸಕ್ಕರೆ ತೆಗೆದ ಮೇಲೆ ಕೊನೆಗೆ ಉಳಿಯುವ ಕಾಕಂಬಿ ಎಷ್ಟು ಗಾಡಿ ಓಡಿಸೀತು?

ಬ್ರೆಜಿಲಿನಲ್ಲಿ ಫ್ಲೆಕ್ಸ್ ಕಾರು 2003ರಿಂದ ಇದೆ. ಅಲ್ಲಿ ಬಂಕಿಗೆ ಹೋದವರಿಗೆ ಎರಡು ದರ ಕಾಣುತ್ತದೆ. ಎಥೆನಾಲ್ ದರ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆ ಇದ್ದರೆ ಅದು, ಇಲ್ಲವಾದರೆ ಇದು. ಫ್ಲೆಕ್ಸ್ ಗಾಡಿಗೆ ಕೊಡುವ ಹೆಚ್ಚಿನ ದುಡ್ಡು ಈ ಆಯ್ಕೆಗಾಗಿ. ನಾನು ತುಂಬಿಸುವ ಬಂಕಿನಲ್ಲಿ ಇ20 ಬಿಟ್ಟರೆ ಬೇರೆ ಇಲ್ಲ. ಆಯ್ಕೆಯೇ ಇಲ್ಲದಿದ್ದರೆ ಫ್ಲೆಕ್ಸ್ ಬೈಕ್ ಇ20ರಲ್ಲೇ ಜೀವನ ಕಳೆಯುತ್ತದೆ. ಅದಕ್ಕೆ ಇ20ಗೆಂದೇ ಮಾಡಿದ ಸಾದಾ ಬೈಕ್ ಸಾಕು. ಹುಡುಗನಿಗೂ ಇದನ್ನೇ ಹೇಳಿದೆ. ನಾಳೆ ಸರ್ಕಾರ ಮಿಶ್ರಣದ ಪ್ರಮಾಣ ಏರಿಸಿದರೆ ಫ್ಲೆಕ್ಸ್ ಇದ್ದವನಿಗೆ ತಲೆನೋವಿಲ್ಲ, ಅದೊಂದು ನಿಜವಾದ ಅನುಕೂಲ.

"ಜೋಳಕ್ಕೆ ಬೆಲೆ ಬರ್ತದಲ್ಲ ಅತ್ತೆ?" ಅಂತ ಕೇಳಿದ. ಬರಬೇಕಿತ್ತು. ಒಂದು ಟನ್ ಜೋಳಕ್ಕೆ ಸುಮಾರು 380 ಲೀಟರ್ ಎಥೆನಾಲ್, ಅಂದರೆ ಕ್ವಿಂಟಾಲಿಗೆ 38. ಮೇಲಿನ ದರದಲ್ಲಿ 2,700 ರೂಪಾಯಿಗೂ ಜಾಸ್ತಿ. ಉಳಿದ ಹಿಂಡಿಯೂ ದನ, ಕೋಳಿಗಳ ಆಹಾರಕ್ಕೆ ಮಾರಾಟವಾಗುತ್ತದೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400. ಆದರೆ ಕೊಯ್ಲಿನ ಹೊತ್ತಿಗೆ ರಾಜ್ಯದ ಮಾರುಕಟ್ಟೆಗಳಲ್ಲಿ ದರ 2,000ಕ್ಕೂ ಕೆಳಗೆ ಇಳಿಯಿತು. ರೈತರು ಬೀದಿಗಿಳಿದರು. ಎಥೆನಾಲಿಗೆ ಗೋದಾಮಿನ ಅಕ್ಕಿಯೂ ಹೋಗುತ್ತದೆ, ತೈಲ ಕಂಪನಿಗಳು ಕಾರ್ಖಾನೆಗಳಿಂದ ಕೊಳ್ಳುವ ಎಥೆನಾಲಿಗೂ ಮಿತಿ ಇದೆ. ಎಥೆನಾಲಿಗೆ ಇಂತಿಷ್ಟು ದರ ಅಂತ ಬರೆದಿಟ್ಟಿದ್ದಾರೆ. ಜೋಳಕ್ಕೆ ಬೆಂಬಲ ಬೆಲೆ ಕೊಟ್ಟೇ ಕೊಳ್ಳಬೇಕು ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಜಾರಿ ಮಾಡಲಿ. ಆಗ ಇ85 ಬಂಕಿನ ಮುಂದೆ ಮೊದಲು ನಿಲ್ಲುವವಳು ನಾನೇ.

ಹೊಸ ಗಾಡಿಗಿಂತ ಹಳೆಯವುಗಳ ಚಿಂತೆ ನನಗೆ ಜಾಸ್ತಿ. ಇ20 ಮಾರಾಟ ಶುರುವಾದದ್ದು 2023ರ ಫೆಬ್ರವರಿಯಲ್ಲಿ. ಹಳೆ ಗಾಡಿಗಳ ಮೈಲೇಜ್ ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇತ್ತು: ಕಾರುಗಳಲ್ಲಿ ಶೇ 6-7, ಬೈಕು ಸ್ಕೂಟರುಗಳಲ್ಲಿ ಶೇ 3-4. ಮೈಲೇಜಾದರೂ ಹೋಗಲಿ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎಥೆನಾಲ್ ಅದರ ಜೊತೆ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಇದು ಸಣ್ಣ ವಿಷಯವಲ್ಲ. ಅಲ್ಲಿ ಕಾಫಿ ತೋಟದವರು ಕಳೆ ಕೊಚ್ಚುವ ಮಷಿನ್ನನ್ನು ಕೆಲಸ ಮುಗಿದ ಮೇಲೆ ತಿಂಗಳುಗಟ್ಟಲೆ ಮೂಲೆಗಿಡುತ್ತಾರೆ. ಅದರಲ್ಲಿ ಇಸಿಯು ಇಲ್ಲ, ಸೆನ್ಸರ್ ಇಲ್ಲ, ಇರುವುದೊಂದು ಪುಟ್ಟ ಕಾರ್ಬ್ಯುರೇಟರ್. ಒಳಗೆ ಉಳಿದ ಪೆಟ್ರೋಲ್ ಅಂಟಾಗಿ ಅದರ ಜೆಟ್, ಅಂದರೆ ಇಂಧನ ಬರುವ ಸಣ್ಣ ತೂತು, ಕಟ್ಟಿಕೊಳ್ಳುತ್ತದೆ, ರಬ್ಬರ್ ಪೈಪು ಗಡುಸಾಗುತ್ತದೆ. ನಮ್ಮ ಮಷಿನ್ನಿಗೂ ಹಾಗೇ ಆಗಿ ಹೊಸ ಪೈಪು ಹಾಕಿಸಬೇಕಾಯಿತು. ಈಗ ಎತ್ತಿಡುವ ಮುಂಚೆ ಟ್ಯಾಂಕ್ ಬರಿದು ಮಾಡಿ, ಮಷಿನ್ ತಾನೇ ನಿಲ್ಲುವವರೆಗೆ ಓಡಿಸಿ ಇಡುತ್ತೇವೆ. ನೀವೂ ಹಾಗೇ ಮಾಡಿ.

ಎಥೆನಾಲ್ ಇಲ್ಲದ ಪೆಟ್ರೋಲೂ ಸಿಗುವಂತಾಗಲಿ ಎಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ವಜಾ ಮಾಡಿತು. ಆದರೂ ಕೇಳುತ್ತೇನೆ. ಊರಿಗೊಂದು ಬಂಕಿನಲ್ಲಾದರೂ ಹಳೆ ಗಾಡಿಗಳಿಗೆ ಶೇ 10ರ ಮಿಶ್ರಣ ಇಡಿ. ಇ85 ತರುವ ದಿನ ಬಂದರೆ ಅದರ ದರವನ್ನು ಪಕ್ಕದಲ್ಲೇ ದೊಡ್ಡದಾಗಿ ಬರೆಯಿರಿ. ಯಾವುದು ಬೇಕು ಅಂತ ನಾವು ನೋಡಿಕೊಳ್ಳುತ್ತೇವೆ.