ಬೀದರ್‌ಗೆ ಒಂದು ಹಗಲು ಸಾಲದು, ಎರಡು ರಾತ್ರಿ ಇಟ್ಟುಕೊಳ್ಳಿ

ಮೊದಲು ಬಸ್ಸಿನ ವಿಷಯ, ಮೋಸ ಹೋಗುವುದು ಅಲ್ಲೇ. ಆ್ಯಪ್‌ನಲ್ಲಿ ‘ಬೀದರ್’ ಎಂದು ತೋರಿಸುವ ಖಾಸಗಿ ಸ್ಲೀಪರ್ ಬಸ್ಸುಗಳೆಲ್ಲ ಊರೊಳಗೆ ಬರುತ್ತವೆ ಅಂದುಕೊಳ್ಳಬೇಡಿ. ಕೆಲವು ಹುಮನಾಬಾದ್‌ನಲ್ಲೋ ಜಹೀರಾಬಾದ್‌ನಲ್ಲೋ ಹೆದ್ದಾರಿ ಪಕ್ಕ ಇಳಿಸಿ ಮುಂದೆ ಹೋಗಿಬಿಡುತ್ತವೆ. ಹುಮನಾಬಾದ್‌ನಿಂದ ಬೀದರ್ ಸುಮಾರು 50 ಕಿ.ಮೀ., ಜಹೀರಾಬಾದ್‌ನಿಂದ ಸುಮಾರು 30. ನಸುಕಿನ ನಾಲ್ಕಕ್ಕೆ ಅಲ್ಲಿ ನಿಂತವರಿಗೆ ಆಟೋದವರು ಹೇಳಿದ್ದೇ ರೇಟು. ದುಡ್ಡು ಕಟ್ಟುವ ಮೊದಲು ಇಳಿಯುವ ಜಾಗದ ಹೆಸರನ್ನು ಪೂರ್ತಿ ಓದಿ, ಅನುಮಾನ ಇದ್ದರೆ ಫೋನ್ ಮಾಡಿ ಕೇಳಿ. ಬೆಂಗಳೂರಿನವರಿಗೆ ರಾತ್ರಿ ರೈಲೇ ವಾಸಿ, ಊರಿಗೇ ತಂದು ಬಿಡುತ್ತದೆ. ಕಲಬುರಗಿಯಿಂದ ಬರುವವರಿಗೆ 2017ರಲ್ಲಿ ಶುರುವಾದ ಹುಮನಾಬಾದ್ ಮಾರ್ಗದ ರೈಲಿದೆ. ಹೈದರಾಬಾದ್ ಕಡೆಯಿಂದಾದರೆ ಸರ್ಕಾರಿ ಬಸ್ಸೇ ಸಾಕು, 140 ಕಿ.ಮೀ. ಆಸುಪಾಸು.

ಹೆಚ್ಚಿನವರು ಬೀದರ್ ಅಂದರೆ ‘ಕೋಟೆ ನೋಡಿ ಮಧ್ಯಾಹ್ನ ಹೊರಟರಾಯಿತು’ ಎಂದು ಬರುತ್ತಾರೆ. ಹಾಗೆ ಬಂದವರು ಊರಿನ ಒಳ್ಳೆಯದೆಲ್ಲ ಬಿಟ್ಟು ಹೋಗುತ್ತಾರೆ. ಇಲ್ಲಿನ ಚೆಂದದ ವಸ್ತುಗಳು ಒಂದೋ ಬೀಗದ ಹಿಂದೆ ಇವೆ, ಇಲ್ಲವೋ ಕತ್ತಲಲ್ಲಿ ಇವೆ. ಕೀಲಿ ಯಾರ ಹತ್ತಿರ, ಬಿಸಿಲು ಯಾವಾಗ ಎಲ್ಲಿ ಬೀಳುತ್ತದೆ, ಇವೆರಡನ್ನು ನೋಡಿಕೊಂಡು ದಿನ ಹಂಚಿಕೊಳ್ಳಬೇಕು.

ಬೀಗದ ಹಿಂದೆ ಇರುವುದು ಕೋಟೆಯ ರಂಗೀನ್ ಮಹಲ್. ಸಾಮಾನ್ಯವಾಗಿ ಮುಚ್ಚಿರುತ್ತದೆ. ಕೋಟೆಗೆ ಕಾಲಿಟ್ಟ ಕೂಡಲೇ ಮ್ಯೂಸಿಯಂ ಬಳಿ ಇರುವ ಸಿಬ್ಬಂದಿಯನ್ನು ಹುಡುಕಿ, ‘ಸರ್, ರಂಗೀನ್ ಮಹಲ್ ಸ್ವಲ್ಪ ತೆಗೆಸಿ ತೋರಿಸ್ತೀರಾ’ ಎಂದು ಕೇಳಿ. ಊಟದ ಹೊತ್ತಿಗೋ ಮುಚ್ಚುವ ಹೊತ್ತಿಗೋ ಕೇಳಿದರೆ ಸಿಗುವುದಿಲ್ಲ. ಒಳಗೆ 16ನೇ ಶತಮಾನದ ಬೀದರ್ ಸುಲ್ತಾನ ಅಲಿ ಬರೀದ್ ಕಾಲದ ಕೆಲಸ: ಕಪ್ಪು ಕಲ್ಲಿನಲ್ಲಿ ಗೀರು ತೆಗೆದು ಮುತ್ತಿನ ಚಿಪ್ಪಿನ ಚೂರು ಕೂರಿಸಿದ ಬಳ್ಳಿಗಳು. ಟಾರ್ಚನ್ನು ನೇರ ಹಿಡಿಯಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಬೆಳ್ಳಗೆ ಮಂಕಾಗಿ ಕಾಣುತ್ತಿದ್ದ ಚೂರು ಹಸಿರಿಗೆ, ಗುಲಾಬಿಗೆ ತಿರುಗುತ್ತದೆ. ಕೆತ್ತಿದ ಮರದ ಕಂಬಗಳೂ ಅಲ್ಲೇ ಇವೆ. ಸೋಲಾ ಕಂಬ ಮಸೀದಿ, ತಖ್ತ್ ಮಹಲ್, ಬಂಡೆ ಕಡಿದು ಮಾಡಿದ ಮೂರು ಸಾಲಿನ ಕಂದಕ, ಎಲ್ಲ ಸೇರಿ ಕೋಟೆಗೇ ನಾಲ್ಕು ತಾಸು ಬೇಕು. ನೆರಳು ಕಡಿಮೆ, ನೀರು ಹೊತ್ತುಕೊಂಡೇ ಹೋಗಿ. ಏಪ್ರಿಲ್-ಮೇ ಬೇಡವೇ ಬೇಡ.

ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾಕ್ಕೆ ಬೆಳಗ್ಗೆಯೇ ಹೋಗಬೇಕು. ಮುಂಭಾಗ ಪೂರ್ವಕ್ಕಿದೆ, ಎಳೆಬಿಸಿಲು ನೇರ ಗೋಡೆಯ ಬಣ್ಣದ ಹೆಂಚಿನ ಮೇಲೆ ಬೀಳುತ್ತದೆ. 1472ರ ಈ ಕಟ್ಟಡದಲ್ಲಿ ಉಳಿದಿರುವುದು ಒಂದೇ ಮಿನಾರು. ಔರಂಗಜೇಬನ ಕಾಲದಲ್ಲಿ ಒಳಗೆ ತುಂಬಿಟ್ಟ ಮದ್ದು ಸಿಡಿದು ಮತ್ತೊಂದು ಬಿದ್ದುಹೋಯಿತು. ಉಳಿದ ಮಿನಾರಿನ ಮೇಲಿನ ಹಾವಿನ ನಡೆಯಂಥ ಪಟ್ಟೆಗಳಲ್ಲಿ ನೀಲಿ ಇನ್ನೂ ಮಾಸಿಲ್ಲ. ಮಧ್ಯಾಹ್ನದ ಮೇಲೆ ಇದೇ ಗೋಡೆ ಬರೀ ಬೂದು.

ಬಹಮನಿ ಸುಲ್ತಾನರ ಗೋರಿಗಳಿರುವ ಅಷ್ಟೂರಿಗೆ ಊರಿನಿಂದ ಆಟೋದಲ್ಲಿ ಹೋಗಿಬರಬಹುದು. ಕಾಯುವ ಹೊತ್ತೂ ಸೇರಿ ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ, ಬಿಟ್ಟು ಹೋದರೆ ವಾಪಸಿಗೆ ಗಾಡಿ ಸಿಗುವುದು ಕಷ್ಟ. ಬಹಮನಿ ಅಹ್ಮದ್ ಷಾನ ಗೋರಿಯೊಳಗೆ ಹೊಕ್ಕ ತಕ್ಷಣ ಏನೂ ಕಾಣುವುದಿಲ್ಲ. ಐದು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಂಡ ಮೇಲೆ ಗುಮ್ಮಟದ ಒಳಗಿನ ಕೆಂಪು, ಚಿನ್ನದ ಬರಹ ಒಂದೊಂದಾಗಿ ಮೇಲೆದ್ದು ಬರುತ್ತದೆ. ಫ್ಲ್ಯಾಷ್ ಹಾಕಬೇಡಿ, ಆ ಬಣ್ಣ ಆರುನೂರು ವರ್ಷದಷ್ಟು ಹಳೆಯದು. ಈ ಸುಲ್ತಾನನನ್ನು ಅಲ್ಲಮಪ್ರಭುವೆಂದೇ ನಂಬಿ ನಡೆದುಕೊಳ್ಳುವ ಲಿಂಗಾಯತರಿದ್ದಾರೆ, ಇಲ್ಲಿನ ಜಾತ್ರೆಗೆ ಹಿಂದೂಗಳೂ ಮುಸ್ಲಿಮರೂ ಬರುತ್ತಾರೆ. ಪಕ್ಕದಲ್ಲೇ ಸಿಡಿಲು ಬಡಿದು ಸೀಳಿದ ಹುಮಾಯೂನ್ ಷಾನ ಗುಮ್ಮಟ. ಅರ್ಧ ಉಳಿದಿರುವುದರಿಂದ ಗುಮ್ಮಟದ ಗೋಡೆ ಎಷ್ಟು ದಪ್ಪ ಎಂಬುದು ಕಣ್ಣಿಗೇ ಕಾಣುತ್ತದೆ.

ಊಟಕ್ಕೆ ಹೋಟೆಲಿನ ರೆಸ್ಟೋರೆಂಟ್ ಬಿಡಿ. ಬಸ್ ನಿಲ್ದಾಣದ ಸುತ್ತಮುತ್ತ, ಬೋರ್ಡೂ ನೆಟ್ಟಗಿಲ್ಲದ ಖಾನಾವಳಿಗೆ ಹೋಗಿ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳುವ ಕಡೆಯೇ ಕೂರಬೇಕು. ಬಿಸಿ ಜೋಳದ ರೊಟ್ಟಿ ಕೇಳಿ ತಗೊಳ್ಳಿ, ಇಲ್ಲವಾದರೆ ಒಣಗಿಸಿದ ಗರಿಗರಿ ಕಟಿ ರೊಟ್ಟಿ ತಂದಿಡುತ್ತಾರೆ. ಅದೂ ಚೆನ್ನಾಗಿರುತ್ತದೆ, ಆದರೆ ಪುಂಡಿ ಪಲ್ಯಕ್ಕೆ ಬಿಸಿಯದೇ ಜೋಡಿ. ಪುಂಡಿಯ ಹುಳಿ, ಮೇಲೆ ಬೆಳ್ಳುಳ್ಳಿ ಒಗ್ಗರಣೆಯ ಎಣ್ಣೆ, ಬದಿಗೆ ಶೇಂಗಾ ಹಿಂಡಿ (ಚಟ್ನಿಪುಡಿ), ಅದರ ಮೇಲೆ ಗಟ್ಟಿ ಮೊಸರು, ಕಡಿಯಲು ಹಸಿ ಉಳ್ಳಾಗಡ್ಡಿ. ಖಾರ ತಡೆಯದವರು ಹಿಂಡಿಗೆ ಮೊಸರು ಎರಡು ಪಾಲು ಕಲಸಿಕೊಳ್ಳಿ. ಒಂದೂವರೆಯೊಳಗೆ ಹೋಗಬೇಕು, ತಡವಾದರೆ ಪಲ್ಯ ಖಾಲಿ. ಇನ್ನೊಂದು ಹೊತ್ತಿಗೆ ನಾನಕ್ ಝೀರಾ ಗುರುದ್ವಾರದ ಲಂಗರ್ ಇದೆ, ದುಡ್ಡಿಲ್ಲ. ತಲೆಗೆ ಬಟ್ಟೆ ಇರಬೇಕು, ರೊಟ್ಟಿಯನ್ನು ಎರಡೂ ಕೈ ಚಾಚಿ ತಗೊಳ್ಳಬೇಕು, ತಟ್ಟೆಯಲ್ಲಿ ಬಿಡಬಾರದು.

ಝರಣಿ ನರಸಿಂಹ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು, ಮೇಲೆ ಬಾವಲಿಗಳು. ಭಾನುವಾರ, ಶನಿವಾರ ಅಲ್ಲಿ ಉಸಿರು ಕಟ್ಟುವಷ್ಟು ಜನ. ಜನಜಂಗುಳಿ ಆಗದವರು ವಾರದ ನಡುವೆ ಹೋಗಿ, ಇಲ್ಲವೇ ಬಿಟ್ಟುಬಿಡಿ. ತೆರೆದಿದೆಯೋ ಇಲ್ಲವೋ ಊರಲ್ಲೇ ವಿಚಾರಿಸಿ.

ಬಿದರಿ ಸಾಮಾನು ಕೊಳ್ಳುವವರು ಊರ ನಡುವಿನ ಹಳೆಯ ಗೋಪುರ ಚೌಬಾರಾ ಸುತ್ತಲಿನ ಗಲ್ಲಿಗಳಲ್ಲಿ ಕೆಲಸ ನಡೆಯುವ ಅಂಗಡಿಗೇ ಹೋಗಿ. ಬಿದರಿಯ ಲೋಹದಲ್ಲಿ ಸತು ಹೆಚ್ಚು, ತಾಮ್ರ ಸ್ವಲ್ಪ, ಸುಮಾರು 16ಕ್ಕೆ 1. ಎರಕ ಹೊಯ್ದು, ಅರ ಹಾಕಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಿಸಿ ಮಾಡಿ ತಿಕ್ಕಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಮಣ್ಣು ಮಳೆ-ಬಿಸಿಲು ಕಾಣದ ಜಾಗದ್ದೇ ಆಗಬೇಕು, ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ರುಚಿ ನೋಡಿ ಆರಿಸುತ್ತಾರೆ. ನಕಲಿಯಲ್ಲಿ ಕಪ್ಪು ಬಣ್ಣ ಬಳಿದಿರುತ್ತಾರೆ. ಕೈಗೆ ಹಗುರ ಎನಿಸಿದರೆ, ತಳದಲ್ಲಿ ಉಗುರಿನಿಂದ ಗೀರಿದಾಗ ಕಪ್ಪು ಸಿಪ್ಪೆ ಎದ್ದರೆ ಬಿಟ್ಟುಬಿಡಿ. ಮನೆಗೆ ತಂದ ಮೇಲೆ ಹುಣಸೆ, ನಿಂಬೆ ಹಾಕಿ ತಿಕ್ಕಬೇಡಿ, ಕಪ್ಪು ಕಳೆಗುಂದುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ.